ಹಳೆಯ ಹವಾನಿಯಂತ್ರಕ: ದುರಸ್ತಿಯೋ, ಬದಲಾವಣೆಯೋ?

ಕಲಬುರಗಿಯ ಬೇಸಗೆಯನ್ನು ಒಮ್ಮೆ ಅನುಭವಿಸಿ ಬಲ್ಲವರಿಗೆ ಅದನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿ ಮಧ್ಯಾಹ್ನದ ಉಷ್ಣತೆ ೪೨ ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದು ಅಪೂರ್ವವೇನಲ್ಲ. ಹಗಲೆಲ್ಲ ಕಾದ ಮಾಳಿಗೆಯು ರಾತ್ರಿಯೆಲ್ಲ ಆ ಶಾಖವನ್ನು ಕೆಳಗಿನ ಕೋಣೆಗೆ ಸುರಿಸುತ್ತಿರುತ್ತದೆ. ಇಂತಹ ಊರಿನಲ್ಲಿ ವೃದ್ಧರೂ ಹೃದ್ರೋಗಿಗಳೂ ಇರುವ ಮನೆಗೆ ಹವಾನಿಯಂತ್ರಕವು ಭೋಗವಸ್ತುವಲ್ಲ. ಅದು ಔಷಧದ ಸಾಲಿಗೆ ಸೇರುತ್ತದೆ. ನಮ್ಮ ಮನೆಯಲ್ಲಿ ತಾಯಿಯವರ ಕೋಣೆಗೆ ೨೦೧೨ರಲ್ಲಿ ಕೊಂಡುತಂದ ಒಂದೂವರೆ ಟನ್ನಿನ ಯಂತ್ರವು ೨೦೨೪ರ ಏಪ್ರಿಲಿನಲ್ಲಿ ಇದ್ದಕ್ಕಿದ್ದಂತೆ ಸೋತಿತು. ಯಂತ್ರ ಓಡುತ್ತಲೇ ಇತ್ತು, ವಿದ್ಯುತ್ತಿನ ಬಿಲ್ಲೂ ಏರುತ್ತಲೇ ಇತ್ತು. ಕೋಣೆ ಮಾತ್ರ ತಣಿಯಲಿಲ್ಲ.

ದುರಸ್ತಿಗೆ ಬಂದ ಮೊದಲನೆಯವರು "ಗ್ಯಾಸ್ ಮುಗಿದಿದೆ, ತುಂಬಿಸಿದರೆ ಸರಿಹೋಗುತ್ತದೆ" ಎಂದರು. ಹಿಂದಿನ ಎರಡು ಬೇಸಗೆಗಳಲ್ಲಿಯೂ ಅದನ್ನೇ ಹೇಳಿ ತುಂಬಿಸಿದ್ದಾಗಿತ್ತು. ಎರಡನೆಯವರು ಯಂತ್ರದ ಹೊದಿಕೆಯನ್ನು ತೆರೆದು ನೋಡುವ ಗೋಜಿಗೂ ಹೋಗದೆ, "ಹನ್ನೆರಡು ವರ್ಷವಾಯಿತೇ? ಹಾಗಾದರೆ ಬಿಸಾಡಿ, ಹೊಸದನ್ನು ತನ್ನಿ" ಎಂದುಬಿಟ್ಟರು. ಮಾತಿನಲ್ಲಿ ಇವರಿಬ್ಬರೂ ಪರಸ್ಪರ ವಿರುದ್ಧವಾಗಿದ್ದರೂ ಒಂದು ವಿಷಯದಲ್ಲಿ ಒಂದೇ ಆಗಿದ್ದರು: ಇಬ್ಬರೂ ಏನನ್ನೂ ಅಳೆಯಲಿಲ್ಲ. ಅಳತೆಯಿಲ್ಲದೆ ತೀರ್ಮಾನವಿಲ್ಲ ಎಂದು ತರಗತಿಯಲ್ಲಿ ದಿನವೂ ಹೇಳುವ ನಾವು ನಮ್ಮ ಮನೆಯ ಪ್ರಶ್ನೆಯನ್ನು ಊಹೆಗೆ ಒಪ್ಪಿಸುವುದು ಸರಿಯೆನಿಸಲಿಲ್ಲ. ಒಂದು ಉಷ್ಣತಾಮಾಪಕ, ಮನೆಯ ವಿದ್ಯುನ್ಮಾಪಕ, ಒಂದು ಹಾಳೆ ಕಾಗದ ಇವಿಷ್ಟರಿಂದ ಈ ಪ್ರಶ್ನೆಯನ್ನು ಎಷ್ಟು ದೂರ ಬಿಡಿಸಬಹುದೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯಂತ್ರವು ಮಾಡುವುದೇನು?

ಹವಾನಿಯಂತ್ರಕವು ತಂಪನ್ನು ತಯಾರಿಸುತ್ತದೆ ಎಂಬುದು ಸಾಮಾನ್ಯವಾದ ಕಲ್ಪನೆ. ವಾಸ್ತವವಾಗಿ ಅದು ಏನನ್ನೂ ತಯಾರಿಸುವುದಿಲ್ಲ. ಕೋಣೆಯೊಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುತ್ತದೆ, ಅಷ್ಟೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಬಾವಿಯಿಂದ ನೀರನ್ನೆತ್ತುತ್ತಿದ್ದ ಕಪಿಲೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀರು ತಾನಾಗಿ ತಗ್ಗಿಗೆ ಹರಿಯುವಂತೆ ಶಾಖವು ತಾನಾಗಿ ಬಿಸಿಯಾದ ಕಡೆಯಿಂದ ತಂಪಾದ ಕಡೆಗೆ ಹರಿಯುತ್ತದೆ. ಅದನ್ನು ಎದುರುದಿಕ್ಕಿಗೆ ಸಾಗಿಸಬೇಕಾದರೆ ಎತ್ತು ಎಳೆಯಬೇಕು, ಚರ್ಮದ ಬಾನಿ ಇಳಿದು ಏರಬೇಕು. ಯಂತ್ರದಲ್ಲಿ ಎತ್ತಿನ ಕೆಲಸವನ್ನು ಮಾಡುವುದು ಕಂಪ್ರೆಸರ್ ಎಂದು ರೂಢಿಯಲ್ಲಿರುವ ಸಂಪೀಡಕ. ಬಾನಿಯ ಕೆಲಸವನ್ನು ಮಾಡುವುದು ಕೊಳವೆಗಳೊಳಗೆ ಸುತ್ತುವ ಶೀತಕ ದ್ರವ್ಯ.

ನಮ್ಮ ಹಳೆಯ ಯಂತ್ರದಲ್ಲಿದ್ದ ಶೀತಕದ ಹೆಸರು ಆರ್-೨೨. ವಾಯುಮಂಡಲದ ಸಾಮಾನ್ಯ ಒತ್ತಡದಲ್ಲಿ ಇದು ಸೊನ್ನೆಗಿಂತ ಸುಮಾರು ೪೧ ಡಿಗ್ರಿ ಕೆಳಗೇ ಕುದಿಯುತ್ತದೆ. ಒಳಗಿನ ತಾಮ್ರದ ಸುರುಳಿಯಲ್ಲಿ ಅದು ಕಡಮೆ ಒತ್ತಡದಲ್ಲಿ ಆವಿಯಾಗುವಾಗ ಕೋಣೆಯ ಗಾಳಿಯಿಂದ ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯಿಂದ ಒಸರಿದ ನೀರು ಆವಿಯಾಗಿ ಹೂಜಿಯನ್ನು ತಣಿಸುವುದೂ ಇದೇ ತತ್ತ್ವದಿಂದ. ಅನಂತರ ಸಂಪೀಡಕವು ಆ ಆವಿಯನ್ನು ಅದುಮಿ ಬಿಸಿಮಾಡಿ ಹೊರಗಿನ ಸುರುಳಿಗೆ ದೂಡುತ್ತದೆ. ಅಲ್ಲಿ ಆವಿಯು ತನ್ನ ಶಾಖವನ್ನು ಬಯಲಿನ ಗಾಳಿಗೆ ಕೊಟ್ಟು ಮತ್ತೆ ದ್ರವವಾಗಿ ಒಳಕ್ಕೆ ಮರಳುತ್ತದೆ.

ಬಾವಿ ಆಳವಾದಷ್ಟೂ ಎತ್ತಿನ ಶ್ರಮ ಹೆಚ್ಚುವಂತೆ, ಒಳಸುರುಳಿ ಹೊರಸುರುಳಿಗಳ ಉಷ್ಣತೆಗಳ ಅಂತರ ಹೆಚ್ಚಿದಷ್ಟೂ ವಿದ್ಯುತ್ತಿನ ವ್ಯಯ ಹೆಚ್ಚುತ್ತದೆ. ಫ್ರಾನ್ಸಿನ ಸಾದಿ ಕಾರ್ನೋ ೧೮೨೪ರಲ್ಲಿ ಉಷ್ಣಯಂತ್ರಗಳನ್ನು ಕುರಿತು ಪ್ರಕಟಿಸಿದ ವಿಚಾರಗಳಿಂದ ಈ ಶ್ರಮದ ಕನಿಷ್ಠ ಮಿತಿಯನ್ನು ಲೆಕ್ಕ ಹಾಕಬಹುದು. ಒಳಸುರುಳಿ ೮ ಡಿಗ್ರಿಯಲ್ಲಿಯೂ ಹೊರಸುರುಳಿ ೫೭ ಡಿಗ್ರಿಯಲ್ಲಿಯೂ ಇವೆಯೆನ್ನೋಣ. ನಿರಪೇಕ್ಷ ಮಾನದಲ್ಲಿ ಇವು ೨೮೧ ಮತ್ತು ೩೩೦, ಅಂತರ ೪೯. ಆಗ ಒಂದು ಪಾಲು ವಿದ್ಯುತ್ತಿನಿಂದ ಹೊರಸಾಗಿಸಬಹುದಾದ ಶಾಖವು ಹೆಚ್ಚೆಂದರೆ ೨೮೧ನ್ನು ೪೯ರಿಂದ ಭಾಗಿಸಿದಷ್ಟು, ಎಂದರೆ ೫.೭ ಪಾಲು. ವಾಸ್ತವದ ಯಂತ್ರಗಳು ಈ ಮಿತಿಯನ್ನು ಮುಟ್ಟಲಾರವು; ಆದರೆ ಮಿತಿ ಕುಗ್ಗಿದರೆ ಅವುಗಳ ಸಾಮರ್ಥ್ಯವೂ ಕುಗ್ಗುತ್ತದೆ. ಹೊರಸುರುಳಿಯ ರೆಕ್ಕೆಗಳಿಗೆ ಧೂಳು ಮೆತ್ತಿಕೊಂಡು ಅದರ ಉಷ್ಣತೆ ೬೫ ಡಿಗ್ರಿಗೆ ಏರಿತೆಂದರೆ ಈ ೫.೭ ಎಂಬುದು ೪.೯ಕ್ಕೆ ಇಳಿಯುತ್ತದೆ. ಏಳರಲ್ಲಿ ಒಂದು ಪಾಲು ಸಾಮರ್ಥ್ಯವನ್ನು ಬರಿಯ ಧೂಳೇ ನುಂಗಿದಂತಾಯಿತು.

ಮುಪ್ಪೋ, ಧೂಳೋ?

ಆದುದರಿಂದ ಯಂತ್ರಕ್ಕೆ ಮುಪ್ಪು ಬಂದಿತೆಂದು ತೀರ್ಪು ಕೊಡುವ ಮೊದಲು ಅದರ ಧೂಳನ್ನು ತೊಳೆಯಬೇಕು. ನಾವು ಪರೀಕ್ಷೆಯನ್ನು ಹೀಗೆ ನಡೆಸಿದೆವು. ಯಂತ್ರವನ್ನು ಕಾಲು ಗಂಟೆ ಓಡಿಸಿ, ಒಳಘಟಕದ ಮೇಲ್ಭಾಗದಲ್ಲಿ ಒಳಸೇರುವ ಗಾಳಿಯ ಉಷ್ಣತೆಯನ್ನೂ ಕೆಳಗೆ ಹೊರಬರುವ ಗಾಳಿಯ ಉಷ್ಣತೆಯನ್ನೂ ಅಳೆದೆವು. ಸುಸ್ಥಿತಿಯಲ್ಲಿರುವ ಯಂತ್ರದಲ್ಲಿ ಇವುಗಳ ಅಂತರ ಸಾಮಾನ್ಯವಾಗಿ ೮ರಿಂದ ೧೨ ಡಿಗ್ರಿಗಳಷ್ಟಿರುತ್ತದೆ. ನಮ್ಮಲ್ಲಿ ಒಳಸೇರುವ ಗಾಳಿ ೩೧ ಡಿಗ್ರಿ, ಹೊರಬರುವ ಗಾಳಿ ೨೬ ಡಿಗ್ರಿ. ಅಂತರ ಕೇವಲ ೫. ಗಾಳಿಜಾಲರಿಯನ್ನು ತೊಳೆದು, ಮಾಳಿಗೆಯ ಮೇಲಿನ ಹೊರಘಟಕವನ್ನು ನೀರಿನಿಂದ ಶುಚಿಗೊಳಿಸಿ, ಅದಕ್ಕೆ ಒರಗಿಸಿಟ್ಟಿದ್ದ ಹಳೆಯ ಸಾಮಾನುಗಳನ್ನು ತೆಗೆದ ಮೇಲೆ ಅಂತರವು ೬.೫ ಡಿಗ್ರಿಗೆ ಏರಿತು. ತೊಂದರೆಯಲ್ಲಿ ಒಂದು ಪಾಲು ಧೂಳಿನದೇ ಎಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಪೂರ್ತಿ ಧೂಳಿನದಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಯಿತು.

ಮರುದಿನ ಸಂಜೆ ಮನೆಯ ಉಳಿದೆಲ್ಲ ಉಪಕರಣಗಳನ್ನು ಆರಿಸಿ, ಒಂದು ಗಂಟೆಯ ಕಾಲ ಹವಾನಿಯಂತ್ರಕವೊಂದನ್ನೇ ಓಡಿಸಿ ವಿದ್ಯುನ್ಮಾಪಕವನ್ನು ಓದಿದೆವು. ವ್ಯಯವಾದದ್ದು ೧.೭ ಯೂನಿಟ್. ಆ ಗಂಟೆಯಲ್ಲಿ ಸಂಪೀಡಕವು ಒಮ್ಮೆಯೂ ವಿಶ್ರಮಿಸಲಿಲ್ಲ. ಎತ್ತು ಎಡೆಬಿಡದೆ ಎಳೆಯುತ್ತಿದೆ, ಮೇಲೆ ಬರುವ ನೀರು ಮಾತ್ರ ಅಲ್ಪ; ಎಂದ ಮೇಲೆ ದೋಷವು ಬಾನಿಯಲ್ಲಿಯೇ ಇರಬೇಕು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು. ತೊಳೆಯುವ ಮುನ್ನ ಯಂತ್ರಕ್ಕೆ ಬರುವ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ಕಡಿಯಬೇಕು. ಹೊರಘಟಕದೊಳಗಿರುವ ಕೆಪಾಸಿಟರ್ ವಿದ್ಯುತ್ತನ್ನು ಕಡಿದ ಮೇಲೆಯೂ ಆವೇಶವನ್ನು ಹಿಡಿದಿಟ್ಟುಕೊಂಡಿರಬಹುದಾದ್ದರಿಂದ ಆ ಭಾಗವನ್ನು ತೆರೆಯುವುದು ಬಲ್ಲವರ ಕೆಲಸ. ಉಷ್ಣತೆಯನ್ನು ಅಳೆಯುವುದಕ್ಕೂ ವಿದ್ಯುನ್ಮಾಪಕವನ್ನು ಓದುವುದಕ್ಕೂ ಯಾವ ಅಪಾಯವೂ ಇಲ್ಲ.

ಅನಿಲವು ಖರ್ಚಾಗುವುದಿಲ್ಲ

ಕಪಿಲೆಯ ಬಾನಿಯು ನೀರಿನೊಡನೆ ಖರ್ಚಾಗಿಹೋಗುವುದಿಲ್ಲ. ಅದು ಇಳಿದು ಏರಿ ಮತ್ತೆ ಇಳಿಯುತ್ತದೆ. ಹಾಗೆಯೇ ಶೀತಕವೂ ವಾಹನದ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಎಷ್ಟು ವರ್ಷ ಸುತ್ತಿದರೂ ತೂಕದಲ್ಲಿ ಕಡಮೆಯಾಗದು. ಕಡಮೆಯಾಗಿದೆಯೆಂದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. "ಗ್ಯಾಸ್ ಮುಗಿದಿದೆ" ಎಂಬ ಮಾತಿಗೆ ಮನೆಯವರು ಕೇಳಬೇಕಾದ ಮರುಪ್ರಶ್ನೆ ಒಂದೇ: "ಅದು ಹೋದದ್ದು ಎಲ್ಲಿಗೆ?" ಸೋರಿಕೆಯನ್ನು ಮುಚ್ಚದೆ ಅನಿಲವನ್ನು ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ. ಈ ಪ್ರಶ್ನೆಯನ್ನು ಹಿಂದಿನ ಎರಡು ಬೇಸಗೆಗಳಲ್ಲಿ ನಾವೂ ಕೇಳಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಸೋರಿಕೆಯ ಗುರುತುಗಳು ಕಣ್ಣಿಗೆ ಕಾಣುವಂತಹವು. ಶೀತಕದ ಜೊತೆಯಲ್ಲಿ ಸಂಪೀಡಕದ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುವುದರಿಂದ ಸೋರುವ ಜಾಗದಲ್ಲಿ ಎಣ್ಣೆಯ ಕಲೆ ಮೂಡುತ್ತದೆ. ಸಾಬೂನಿನ ನೊರೆ ಹಚ್ಚಿದರೆ ಗುಳ್ಳೆಗಳೇಳುತ್ತವೆ. ಕೊಳವೆಗಳ ತಿರುಪಿನ ಕೂಡುಗಳಲ್ಲಿ ಸೋರುತ್ತಿದ್ದರೆ ಅಲ್ಪ ವೆಚ್ಚದಲ್ಲಿ ಸರಿಪಡಿಸಬಹುದು. ನಮ್ಮ ಯಂತ್ರದಲ್ಲಿ, ಮೂರನೆಯವರೊಬ್ಬರು ತಾಳ್ಮೆಯಿಂದ ಹುಡುಕಿದ ಮೇಲೆ, ಒಳಸುರುಳಿಯ ತಾಮ್ರದಲ್ಲಿಯೇ ಸೂಕ್ಷ್ಮವಾದ ರಂಧ್ರಗಳು ಕಂಡುಬಂದವು. ಮನೆಯ ಗಾಳಿಯಲ್ಲಿರುವ ಕೆಲವು ರಾಸಾಯನಿಕಗಳಿಂದ ಹುಟ್ಟುವ ಸಾವಯವ ಆಮ್ಲಗಳು ತೇವದೊಡನೆ ಸೇರಿ ತಾಮ್ರವನ್ನು ಕೊರೆಯುವುದುಂಟು. ಸೂಕ್ಷ್ಮದರ್ಶಕದಲ್ಲಿ ಆ ಕೊರೆತವು ಇರುವೆಗೂಡಿನ ಸುರಂಗಗಳಂತೆ ತೋರುವುದರಿಂದ ಅದಕ್ಕೆ ಇರುವೆಗೂಡಿನ ಸವೆತವೆಂದೇ ಹೆಸರು. ಒಂದು ರಂಧ್ರವನ್ನು ಮುಚ್ಚಿದರೆ ಪಕ್ಕದಲ್ಲಿ ಮತ್ತೊಂದು ತೆರೆಯುವ ಸಂಭವವಿರುವುದರಿಂದ ಸುರುಳಿಯನ್ನೇ ಬದಲಿಸುವುದು ಇದಕ್ಕೆ ಪರಿಹಾರ. ಸುರುಳಿ, ಕೂಲಿ, ಅನಿಲ ಎಲ್ಲ ಸೇರಿ ಅವರು ಹೇಳಿದ ವೆಚ್ಚ ೯,೦೦೦ ರೂಪಾಯಿ. ಅದೇ ಗಾತ್ರದ ಹೊಸ ಯಂತ್ರಕ್ಕೆ ಅಂಗಡಿಯಲ್ಲಿ ಹೇಳಿದ ಬೆಲೆ, ಜೋಡಣೆಯೂ ಸೇರಿ, ೪೨,೦೦೦ ರೂಪಾಯಿ.

ಎರಡು ಊರುಗಳ ಲೆಕ್ಕ

ಈ ಸಮಯಕ್ಕೆ ಸರಿಯಾಗಿ ಮೈಸೂರಿನ ನಮ್ಮ ಮಿತ್ರರೊಬ್ಬರಿಂದ ಪತ್ರ ಬಂದಿತು. ಅವರ ಮನೆಯಲ್ಲಿರುವುದೂ ಅದೇ ವರ್ಷ ಕೊಂಡ ಅದೇ ಮಾದರಿಯ ಯಂತ್ರ. ನಮ್ಮ ಯಂತ್ರದ ಸುದ್ದಿಯನ್ನು ಕೇಳಿ, "ನೀವು ಬದಲಿಸುವುದಾದರೆ ನಾವೂ ಬದಲಿಸಿಬಿಡಬಹುದೇ?" ಎಂದು ಅವರು ಬರೆದಿದ್ದರು. ದುರಸ್ತಿಯ ವೆಚ್ಚವು ಹೊಸ ಬೆಲೆಯ ಅರ್ಧವನ್ನು ಮೀರಿದರೆ ಬದಲಿಸು, ಇಲ್ಲವಾದರೆ ರಿಪೇರಿ ಮಾಡಿಸು ಎಂಬುದೊಂದು ಬಳಕೆಯ ಸೂತ್ರವಿದೆ. ಅದರ ಪ್ರಕಾರ ಇಬ್ಬರಿಗೂ ಒಂದೇ ಉತ್ತರ ಬರಬೇಕು. ಆದರೆ ಆ ಸೂತ್ರದಲ್ಲಿ ಯಂತ್ರವು ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆಂಬ ಪ್ರಶ್ನೆಗೆ ಸ್ಥಾನವೇ ಇಲ್ಲ. ಈಗ ಅದನ್ನು ಸೇರಿಸಿ ನೋಡೋಣ.

ಮೊದಲು ಟನ್ ಎಂದರೇನು? ಅದು ಯಂತ್ರದ ತೂಕವಲ್ಲ. ಎರಡು ಸಾವಿರ ಪೌಂಡುಗಳ, ಎಂದರೆ ಸುಮಾರು ೯೦೭ ಕಿಲೋಗ್ರಾಂ ಮಂಜುಗಡ್ಡೆಯು ೨೪ ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ದರ. ಕಿಲೋವಾಟಿನಲ್ಲಿ ಸುಮಾರು ೩.೫. ಮಂಜುಗಡ್ಡೆಯಿಂದಲೇ ತಂಪುಮಾಡುತ್ತಿದ್ದ ಕಾಲದ ನೆನಪು ಈ ಮಾನದಲ್ಲಿ ಉಳಿದುಬಂದಿದೆ. ಒಂದೂವರೆ ಟನ್ನೆಂದರೆ ಸುಮಾರು ೫.೩ ಕಿಲೋವಾಟ್. ಯಂತ್ರವು ಸದಾ ಪೂರ್ಣಶಕ್ತಿಯಿಂದ ದುಡಿಯಬೇಕಾಗುವುದಿಲ್ಲವಾದ್ದರಿಂದ ಸರಾಸರಿ ೩.೫ ಕಿಲೋವಾಟ್ ಶಾಖವನ್ನು ಹೊರಸಾಗಿಸಬೇಕೆಂದು ಹಿಡಿಯೋಣ.

ಹಳೆಯ ಯಂತ್ರದ ಪಟ್ಟಿಯ ಮೇಲಿದ್ದ ದಕ್ಷತೆಯ ಅಂಕ ೨.೭, ಎಂದರೆ ಒಂದು ಪಾಲು ವಿದ್ಯುತ್ತಿಗೆ ೨.೭ ಪಾಲು ಶಾಖ. ಸವೆತಕ್ಕೆ ಸ್ವಲ್ಪ ಬಿಟ್ಟು, ದುರಸ್ತಿಯಾದ ಮೇಲೆ ೨.೫ ಎನ್ನೋಣ. ಹೊಸ ಯಂತ್ರಗಳಲ್ಲಿ ಸಂಪೀಡಕದ ವೇಗವು ಅಗತ್ಯಕ್ಕೆ ತಕ್ಕಂತೆ ಏರಿಳಿಯುತ್ತದೆ. ಆದುದರಿಂದ ಅವು ಸರಾಸರಿಯಲ್ಲಿ ಮಿತವ್ಯಯಿಗಳು. ಅವುಗಳ ನಕ್ಷತ್ರಪಟ್ಟಿಯಲ್ಲಿರುವ ಅಂಕವು ಬೇರೊಂದು ಬಗೆಯದು. ಹೊರಗಿನ ಉಷ್ಣತೆ ೨೪ರಿಂದ ೪೩ ಡಿಗ್ರಿಯವರೆಗೆ ವ್ಯತ್ಯಾಸವಾಗುವ ೧,೬೦೦ ಗಂಟೆಗಳ ವಾರ್ಷಿಕ ಬಳಕೆಯನ್ನು ಭಾವಿಸಿ ತೆಗೆದ ಋತುಮಾನದ ಸರಾಸರಿ ಅದು. ೨೦೧೮ರ ನಿಯಮದಲ್ಲಿ ಐದು ನಕ್ಷತ್ರಗಳಿಗೆ ಈ ಅಂಕ ೪.೫ ಇದ್ದರೆ ಸಾಕಾಗಿತ್ತು. ೨೦೨೨ರ ಜುಲೈಯಿಂದ ಅದು ೫ಕ್ಕೆ ಏರಿತು. ಎಂದರೆ ನಕ್ಷತ್ರಗಳನ್ನು ಮಾತ್ರ ಎಣಿಸಿದರೆ ಸಾಲದು. ಪಟ್ಟಿ ಯಾವ ವರ್ಷದ್ದೆಂಬುದನ್ನೂ ನೋಡಬೇಕು. ನಾವು ನೋಡಿದ ಹೊಸ ಯಂತ್ರದ ಅಂಕ ೫. ಕಲಬುರಗಿಯ ಬಿಸಿಲಿಗೆ ಅದು ಪೂರ್ತಿ ದೊರೆಯದೆಂದು ೪.೨ನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆವು.

ಹೀಗೆ ಗಂಟೆಗೆ ಹಳೆಯ ಯಂತ್ರದ ವ್ಯಯ ೧.೪೦ ಯೂನಿಟ್, ಹೊಸದರದು ೦.೮೩ ಯೂನಿಟ್, ಉಳಿತಾಯ ೦.೫೭ ಯೂನಿಟ್. ನಮ್ಮ ಮನೆಯಲ್ಲಿ ನಾಲ್ಕು ತಿಂಗಳು, ದಿನಕ್ಕೆ ಹತ್ತು ಗಂಟೆಯಂತೆ ಬಳಕೆ ವರ್ಷಕ್ಕೆ ೧,೨೦೦ ಗಂಟೆ. ಉಳಿತಾಯ ಸುಮಾರು ೬೮೦ ಯೂನಿಟ್. ತೆರಿಗೆಯೂ ಸೇರಿ ಯೂನಿಟ್ಟಿಗೆ ೭ ರೂಪಾಯಿ ಎಂದು ಹಿಡಿದರೆ ೪,೭೬೦ ರೂಪಾಯಿ. ಮೈಸೂರಿನ ಮಿತ್ರರು ವರ್ಷದಲ್ಲಿ ನಲವತ್ತು ರಾತ್ರಿ, ಐದೈದು ಗಂಟೆ ಮಾತ್ರ ಯಂತ್ರವನ್ನು ಓಡಿಸುತ್ತಾರೆ. ಒಟ್ಟು ೨೦೦ ಗಂಟೆ. ಅವರ ಉಳಿತಾಯ ಸುಮಾರು ೧೧೩ ಯೂನಿಟ್, ಎಂದರೆ ೭೯೦ ರೂಪಾಯಿ. ಹೊಸದಕ್ಕೂ ದುರಸ್ತಿಗೂ ವೆಚ್ಚದ ಅಂತರ ೩೩,೦೦೦ ರೂಪಾಯಿ. ಅದು ತೀರಬೇಕಾದರೆ ಕಲಬುರಗಿಯಲ್ಲಿ ಸುಮಾರು ೭ ವರ್ಷ ಬೇಕು. ಮೈಸೂರಿನಲ್ಲಿ ೪೧ ವರ್ಷಗಳಿಗೂ ಹೆಚ್ಚು! ಯಂತ್ರ ಒಂದೇ, ವಯಸ್ಸು ಒಂದೇ, ದೋಷವೂ ಒಂದೇ ಎಂದಿಟ್ಟುಕೊಂಡರೂ ಉತ್ತರ ಮಾತ್ರ ಬೇರೆ ಬೇರೆ. ನೀವು ನಿಮ್ಮ ಮನೆಯ ಗಂಟೆಗಳನ್ನೂ ನಿಮ್ಮ ಬಿಲ್ಲಿನ ದರವನ್ನೂ ಇಟ್ಟು ಇದೇ ಲೆಕ್ಕವನ್ನು ಐದು ನಿಮಿಷಗಳಲ್ಲಿ ಮಾಡಬಹುದು.

ಬಿಲ್ಲಿನಲ್ಲಿ ಕಾಣದ ವೆಚ್ಚ

ನಮ್ಮ ಮನೆಯ ಮಟ್ಟಿಗೂ ಏಳು ವರ್ಷವೆಂಬುದು ಅಲ್ಪಾವಧಿಯೇನಲ್ಲ. ಹಣವೊಂದನ್ನೇ ನೋಡಿದರೆ ತಕ್ಕಡಿ ಹೆಚ್ಚುಕಡಮೆ ಸಮವಾಗಿಯೇ ನಿಲ್ಲುತ್ತಿತ್ತು. ಅದನ್ನು ಒಂದು ಕಡೆಗೆ ವಾಲಿಸಿದವು ಎರಡು ಸಂಗತಿಗಳು.

ಮೊದಲನೆಯದು ಶೀತಕ. ಕ್ಲೋರೀನನ್ನುಳ್ಳ ಇಂತಹ ಅನಿಲಗಳ ಪೈಕಿ ಹಿಂದಿನ ಪೀಳಿಗೆಯವು ಮೇಲಿನ ವಾಯುಮಂಡಲದ ಓಜೋನನ್ನು ನಾಶಪಡಿಸುವುವೆಂದು ಮೊಲಿನಾ ಮತ್ತು ರೋಲೆಂಡ್ ೧೯೭೪ರಲ್ಲಿ ತೋರಿಸಿಕೊಟ್ಟರು. ೧೯೮೭ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಆರ್-೨೨ರ ಹಾನಿಯು ಹಿಂದಿನ ಆರ್-೧೧ರ ಸುಮಾರು ಇಪ್ಪತ್ತರಲ್ಲಿ ಒಂದು ಪಾಲಷ್ಟೇ ಆದರೂ, ಅದೂ ಈ ಒಪ್ಪಂದದಂತೆ ಹಂತಹಂತವಾಗಿ ತೆರೆಮರೆಗೆ ಸರಿಯಬೇಕು; ಭಾರತದಂತಹ ದೇಶಗಳಿಗೆ ಗೊತ್ತುಪಡಿಸಿದ ವರ್ಷ ೨೦೩೦, ಹಳೆಯ ಯಂತ್ರಗಳ ದುರಸ್ತಿಗೆಂದು ಅಲ್ಪ ಪ್ರಮಾಣಕ್ಕೆ ಮಾತ್ರ ಅನಂತರವೂ ಅವಕಾಶವಿದೆ. ಆದುದರಿಂದ ವರ್ಷ ಕಳೆದಂತೆ ಅದರ ಪೂರೈಕೆ ಕುಗ್ಗತಕ್ಕದ್ದೇ. ಹೊಸ ಯಂತ್ರಗಳಲ್ಲಿರುವ ಆರ್-೩೨ನ್ನು ಹಳೆಯದಕ್ಕೆ ತುಂಬಿಸೋಣವೆಂದರೆ ಅದು ಸಲ್ಲದು. ಅದರ ಒತ್ತಡ ಬಹಳ ಹೆಚ್ಚು, ಅದಕ್ಕೆ ಹೊಂದುವ ಎಣ್ಣೆ ಬೇರೆ, ಅಲ್ಪ ಮಟ್ಟಿಗೆ ಅದು ಹೊತ್ತಿಕೊಳ್ಳುವ ಗುಣದ್ದೂ ಹೌದು.

ಇನ್ನೂ ವಿಚಾರ ಮಾಡತಕ್ಕ ಅಂಶವೊಂದಿದೆ. ಭೂಮಿಯನ್ನು ಬಿಸಿಮಾಡುವ ವಿಷಯದಲ್ಲಿ, ನೂರು ವರ್ಷಗಳ ಅವಧಿಯಲ್ಲಿ, ಒಂದು ಕಿಲೋಗ್ರಾಂ ಆರ್-೨೨ ಸುಮಾರು ೧,೮೦೦ ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡಿಗೆ ಸಮ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಉತ್ಪಾದನೆಯಿಂದ ಸರಾಸರಿ ಸುಮಾರು ೦.೭ ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಈ ಲೆಕ್ಕದಿಂದ ಹೊಸ ಯಂತ್ರವು ನಮ್ಮ ಮನೆಯಲ್ಲಿ ವರ್ಷಕ್ಕೆ ತಪ್ಪಿಸುವುದು ೪೭೬ ಕಿಲೋಗ್ರಾಂ. ಹಳೆಯ ಯಂತ್ರದಲ್ಲಿದ್ದ ಸುಮಾರು ಒಂದು ಕಿಲೋಗ್ರಾಂ ಅನಿಲವನ್ನು ಒಮ್ಮೆ ಗಾಳಿಗೆ ಬಿಟ್ಟರೆ ಆ ಉಳಿತಾಯದ ಹೆಚ್ಚುಕಡಮೆ ನಾಲ್ಕು ವರ್ಷಗಳ ಫಲ ಒಂದು ನಿಮಿಷದಲ್ಲಿ ಕರಗಿಹೋಗುತ್ತದೆ. ಹಿಂದಿನ ಎರಡು ಬೇಸಗೆಗಳಲ್ಲಿ ನಾವು ತುಂಬಿಸಿದ ಅನಿಲವೆಲ್ಲ ಹೋದದ್ದು ಅಲ್ಲಿಗೇ. ಯಂತ್ರವನ್ನು ಉಳಿಸಿದರೂ ಬದಲಿಸಿದರೂ ಅನಿಲವನ್ನು ಗಾಳಿಗೆ ಬಿಡಬಾರದೆಂಬುದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯದು ನಂಬಿಕೆಯ ಪ್ರಶ್ನೆ. ಸುರುಳಿಯನ್ನು ಬದಲಿಸಿದ ಮಾತ್ರಕ್ಕೆ ಹನ್ನೆರಡು ವರ್ಷ ದುಡಿದ ಸಂಪೀಡಕವು ಹೊಸತಾಗುವುದಿಲ್ಲ. ಅದು ಇನ್ನೂ ಏಳು ವರ್ಷ ಬಾಳೀತೆಂದು ಯಾರೂ ಭರವಸೆ ಕೊಡಲಾರರು. ಅದು ಕೈಕೊಡುವುದು ಡಿಸೆಂಬರಿನಲ್ಲಲ್ಲ. ಅತಿ ಹೆಚ್ಚು ಎಳೆಯಬೇಕಾದ ಮೇ ತಿಂಗಳಿನಲ್ಲಿ. ಮೈಸೂರಿನಲ್ಲಿ ಅಂತಹ ರಾತ್ರಿಯನ್ನು ಕಿಟಕಿ ತೆರೆದು ಕಳೆಯಬಹುದು. ನಮ್ಮ ತಾಯಿಯವರಿಗೆ ಕಲಬುರಗಿಯಲ್ಲಿ ಅದು ಸಾಧ್ಯವಿರಲಿಲ್ಲ.

ತೀರ್ಮಾನ

ನಾವು ಯಂತ್ರವನ್ನು ಬದಲಿಸಿದೆವು. ಹಳೆಯದನ್ನು ಕಳಚಲು ಬಂದವರು ಅಭ್ಯಾಸಬಲದಿಂದ ಕೊಳವೆಯ ತಿರುಪನ್ನು ಸಡಿಲಿಸಲು ಹೊರಟಾಗ ತಡೆದು, ಉಳಿದ ಅನಿಲವನ್ನು ಸಿಲಿಂಡರಿಗೆ ಸೆಳೆದುಕೊಳ್ಳುವ ಉಪಕರಣವನ್ನು ತರಿಸಿದೆವು. ಅದಕ್ಕೆ ಒಂದು ದಿನ ತಡವಾಯಿತು, ಸ್ವಲ್ಪ ಹಣವೂ ಆಯಿತು. ಹೊಸ ಯಂತ್ರವನ್ನು ೨೪ ಡಿಗ್ರಿಗೆ ಇಟ್ಟು ಓಡಿಸಿದ ಮೊದಲ ಸಂಜೆ ಗಾಳಿಯ ಉಷ್ಣತೆಗಳ ಅಂತರ ೧೧ ಡಿಗ್ರಿ ಬಂದಿತು. ಅದೇ ವಾರ ಮಾಳಿಗೆಗೆ ಬಿಳಿಯ ಬಣ್ಣವನ್ನೂ ಬಳಿಸಿದೆವು. ಎತ್ತಬೇಕಾದ ನೀರೇ ಕಡಮೆಯಾದರೆ ಎತ್ತಿಗೂ ಸುಖವಷ್ಟೆ.

ಮೈಸೂರಿನ ಮಿತ್ರರಿಗೆ ಬದಲಿಸಬೇಡಿರೆಂದು ಬರೆದೆವು. ಅವರ ಯಂತ್ರದಲ್ಲಿ ಅನಿಲ ಸೋರಿರಲಿಲ್ಲ. ಸಂಪೀಡಕವು ಗುಂಯ್ಗುಟ್ಟಿ ನಿಂತುಬಿಡುತ್ತಿತ್ತು. ಕೆಲವು ನೂರು ರೂಪಾಯಿಗಳ ಕೆಪಾಸಿಟರ್ ಒಂದನ್ನು ಬದಲಿಸಿ ಸುರುಳಿಗಳನ್ನು ತೊಳೆಸಿದ ಮೇಲೆ ಅದು ಚೆನ್ನಾಗಿ ನಡೆಯತೊಡಗಿತು.

ಇಂತಹ ಪ್ರಶ್ನೆ ತಮ್ಮ ಮನೆಯಲ್ಲಿ ಎದ್ದಾಗ ವಿದ್ಯಾರ್ಥಿಗಳು ಈ ಕ್ರಮವನ್ನು ಅನುಸರಿಸಬಹುದು. ಮೊದಲು ಧೂಳನ್ನು ತೊಳೆದು ಉಷ್ಣತೆಯ ಅಂತರವನ್ನು ಅಳೆಯಿರಿ. ಅನಿಲ ಕಡಮೆಯಾಗಿದೆಯೆಂದರೆ ಸೋರಿಕೆಯ ಜಾಗವನ್ನು ತೋರಿಸುವಂತೆ ಕೇಳಿರಿ. ವರ್ಷದ ಗಂಟೆಗಳನ್ನು ಎಣಿಸಿ ಉಳಿತಾಯವನ್ನು ಲೆಕ್ಕ ಹಾಕಿರಿ. ಯಂತ್ರ ನಿಂತುಹೋದ ರಾತ್ರಿ ಮನೆಯಲ್ಲಿ ಕಷ್ಟಕ್ಕೀಡಾಗುವವರು ಯಾರೆಂಬುದನ್ನು ಕೊನೆಗೆ ಯೋಚಿಸಿರಿ. ಯಂತ್ರಕ್ಕೆ ಎಷ್ಟು ವಯಸ್ಸಾಯಿತೆಂಬ ಪ್ರಶ್ನೆಯನ್ನು ಇವೆಲ್ಲ ಆದ ಮೇಲೆ ಕೇಳಿದರೂ ಸಾಕು.